ಕೆರೆ ದಾಟಿದ ಮಿರ್ಚಿ

ಮಧ್ಯಾಹ್ನ ಒಂದೂವರೆ. ನನ್ನ ಊಟದ ಡಬ್ಬಿಯಲ್ಲಿ ಈಗ ಉಳಿದಿರುವುದು ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಎಣ್ಣೆಯ ಗುರುತು. ಬೆಳಿಗ್ಗೆ ಎಂಟು ಮಿರ್ಚಿ ಇದ್ದವು. ಅವು ಅಮೆರಿಕದ ಮಿಷಿಗನ್ ಸರೋವರ ದಾಟಿ ಹೋದವು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನವೂ ಪ್ಯಾಸೆಂಜರ್ ಹಿಡಿಯುವವರಿಗೆ ಇಂತಹ ಕಾಕಾ ಒಬ್ಬರು ಗಂಟು ಬಿದ್ದೇ ಇರುತ್ತಾರೆ. ನಮ್ಮ ನಿಲ್ದಾಣದ ಪ್ಲಾಟ್‌ಫಾರಂ 1507 ಮೀಟರ್ ಉದ್ದವಿದೆ, ಜಗತ್ತಿಗೇ ಉದ್ದ. ಅದರ ಯಾವ ತುದಿಯಲ್ಲಿ ಅಡಗಿ ನಿಂತರೂ ಕಾಕಾ ನನ್ನನ್ನು ಹುಡುಕಿ ತೆಗೆಯುತ್ತಾರೆ. ಧಾರವಾಡದಲ್ಲಿ ತಂಗಿಯ ಮನೆಯಿದೆ ಎಂಬುದು ಅವರ ನೆಪ. ಅಮೆರಿಕದ ಮಗಳ ಮನೆಯಿಂದ ಮರಳಿದ ಮೇಲೆ ಅವರ ಬಾಯಲ್ಲಿ ಬೇರೆ ಮಾತೇ ಇಲ್ಲ.

ಇಂದು ಉಣಕಲ್ ಬಳಿ ಗಾಡಿ ಸಿಗ್ನಲ್ಲಿಗಾಗಿ ನಿಂತಿತು. ನಾನು ಬಾಯಿ ತಪ್ಪಿ, "ಕೆರೆ ತುಂಬಿದೆ" ಎಂದೆ.

"ಇದು ಕೆರೆಯೇ, ತಮ್ಮಾ? ಮಿಷಿಗನ್ ಸರೋವರದಲ್ಲಿ ನಮ್ಮ ರಾಜ್ಯದ ಕಾಲು ಭಾಗ ಮುಳುಗಿ ಹೋಗುತ್ತದೆ. ಅಲ್ಲಿ ರೈಲೇ ಹಡಗು ಹತ್ತುತ್ತಿತ್ತು!"

ಶಿಕಾಗೊದ ಯಾರ್ಡುಗಳಲ್ಲಿ ಗೂಡ್ಸ್ ಗಾಡಿಗಳು ಸಿಕ್ಕಿಕೊಂಡು ದಿನಗಟ್ಟಲೆ ಕೊಳೆಯುತ್ತಿದ್ದವಂತೆ. ಸುತ್ತಿ ಹೋಗುವ ಬದಲು ವ್ಯಾಗನ್‌ಗಳನ್ನೇ ಹಡಗಿಗೆ ತುಂಬಿ ಸರೋವರ ದಾಟಿಸುವ ಪದ್ಧತಿ 1892ರಲ್ಲಿ ಶುರುವಾಯಿತು. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ತಲೆದೂಗುತ್ತಿದ್ದೆ. ಆದರೆ ಕಾಕಾ, "ಡಬ್ಬಿ ಕೊಡಿ, ತೋರಿಸುತ್ತೇನೆ" ಎಂದರು.

ಡಬ್ಬಿ ಹಡಗಾಯಿತು. ರೊಟ್ಟಿ ಡೆಕ್ಕಾಯಿತು. ನಾಲ್ಕು ಹಳಿ, ಒಂದೊಂದು ಹಳಿಗೆ ಎರಡೆರಡು ಮಿರ್ಚಿ. ಹಿಂಭಾಗದಿಂದ ಒಂದೊಂದಾಗಿ ಒಳಗೆ ತಳ್ಳಿದರು. ಬಾಯಲ್ಲೇ ಶಂಟಿಂಗ್ ಎಂಜಿನ್ನಿನ ಸದ್ದು ಬೇರೆ. ಎದುರು ಸೀಟಿನ ಹುಡುಗ ಮೊಬೈಲ್ ಕೆಳಗಿಟ್ಟು ನೋಡತೊಡಗಿದ. ಹಡಗು ನನ್ನ ತೊಡೆಯಿಂದ ಅವರ ತೊಡೆಗೆ ಬಂತು. ದಡ ಸೇರಿದ ಮೇಲೆ ಸರಕು ಇಳಿಸಬೇಕಲ್ಲ? ಎಡಗಡೆಯ ಹಳಿಯಿಂದ ಒಂದು ಮಿರ್ಚಿಯನ್ನು ಬಾಯಿಗೆ ಇಳಿಸಿದರು.

"ಈಗ ಬಲಗಡೆಯದನ್ನೂ ತೆಗೆಯಲೇಬೇಕು. ಇಲ್ಲದಿದ್ದರೆ ಹಡಗು ವಾಲುತ್ತದೆ."

ತೆಗೆದರು. ಮತ್ತೆ ಎಡ, ಮತ್ತೆ ಬಲ. ಸಮತೋಲನದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಿನ ಮನುಷ್ಯನನ್ನು ನಾನು ಕಂಡಿಲ್ಲ. ನಾಲ್ಕೇ ಉಳಿದಾಗ ನಾನು ಕೈ ಚಾಚಿದೆ. "ನಡುವಿನ ಹಳಿ ಮುಟ್ಟಬೇಡಿ!" ಎಂದು ಗದರಿದರು. ಅಮರಗೋಳ ದಾಟುವಷ್ಟರಲ್ಲಿ ನಡುವಿನ ಹಳಿಗಳೂ ಖಾಲಿ.

ಕೈ ಒರೆಸಿಕೊಂಡು ಕಾಕಾ ಸ್ವಲ್ಪ ಹೊತ್ತು ಸುಮ್ಮನಾದರು. ಆ ಹಡಗುಗಳಲ್ಲಿ ಈಗ ಓಡುತ್ತಿರುವುದು ಒಂದೇ, ಬ್ಯಾಡ್ಜರ್. ಇಂದಿಗೂ ಕಲ್ಲಿದ್ದಲು ಉರಿಸಿಯೇ ಓಡುತ್ತದೆ. ವ್ಯಾಗನ್ ಸಾಗಣೆ 1990ರಲ್ಲೇ ನಿಂತಿತು, ಈಗ ಕಾರುಗಳು ಮತ್ತು ಪ್ರವಾಸಿಗರು. ಈ ದಡದ ಲುಡಿಂಗ್ಟನ್ನಿನಿಂದ ಆ ದಡದ ಮ್ಯಾನಿಟೊವಾಕ್‌ಗೆ ನಾಲ್ಕು ತಾಸು. ಮಗಳು ನೀರಿನ ಫೋಟೊ ತೆಗೆಯುತ್ತಿದ್ದಳಂತೆ, ಇವರು ಅಷ್ಟೂ ಹೊತ್ತು ಹೊಗೆಕೊಳವೆಯ ಕೆಳಗೆ ನಿಂತಿದ್ದರಂತೆ. "ನಮ್ಮ ಅಪ್ಪ ರೈಲ್ವೆ ವರ್ಕ್‌ಶಾಪಿನಿಂದ ಮನೆಗೆ ಬಂದಾಗ ಅಂಗಿಗೆ ಅದೇ ವಾಸನೆ ಇರುತ್ತಿತ್ತು, ತಮ್ಮಾ."

ಸಿಟ್ಟು ಮಾಡಬೇಕೆಂದಿದ್ದವನು ಚಟ್ನಿಯನ್ನೂ ಮುಂದೆ ಹಿಡಿದೆ. ಅದು ಬೇಡವೆಂದರು, ಖಾರ ಹೆಚ್ಚಂತೆ.

ಧಾರವಾಡದಲ್ಲಿ ಇಳಿದು ಜನರ ನಡುವಿನಿಂದ ಕೂಗಿದರು: "ನಾಳೆ ಸೂ ಲಾಕ್, ಹಡಗುಗಳ ನೀರಿನ ಮೆಟ್ಟಿಲು! ಸುಪೀರಿಯರ್ ಸರೋವರದಿಂದ ಹಡಗನ್ನು ಇಪ್ಪತ್ತೊಂದು ಅಡಿ ಕೆಳಗಿಳಿಸುವುದು ಹೇಗೆಂದು ತೋರಿಸುತ್ತೇನೆ. ಅದಕ್ಕೆ ನೀರು ಬೇಕು. ಮೂರಂತಸ್ತಿನ ಕ್ಯಾರಿಯರ್‌ನಲ್ಲಿ ಸಾರು ತನ್ನಿ!"