ಮರದ ಕೆಳಗೆ ಬಿದ್ದ ಬೀಜ ಯಾರದು?

ಮುಂಗಾರು ಹತ್ತಿರ ಬಂತು ಅಂದರೆ ಮೈಸೂರಿನಲ್ಲಿ ಬೀಜದುಂಡೆ (ಮಣ್ಣಿನ ಉಂಡೆಯೊಳಗೆ ಬೀಜ ಇಟ್ಟು ಬಯಲಿಗೆ ಎಸೆಯೋದು) ಸೀಸನ್ ಶುರು. 'ಭಾನುವಾರ ಬೀಜ ಆರಿಸೋಕೆ ಹೋಗೋಣ, ಚೀಲ ತನ್ನಿ' ಅಂತ ವಾಟ್ಸಾಪ್ ಗ್ರೂಪುಗಳಲ್ಲಿ ಮೆಸೇಜು. ಹೊಂಗೆ, ಬೇವು, ಹುಣಸೆ, ಮುತ್ತುಗ. ಒಳ್ಳೆ ಕೆಲಸವೇ, ನಾನೂ ಹೋಗುತ್ತೇನೆ. ಆದರೆ ಯಾರನ್ನು ಕೇಳಿದ್ದೀವಿ ಅನ್ನೋ ಸಾಲು ಆ ಮೆಸೇಜಿನಲ್ಲಿ ಇರುವುದೇ ಇಲ್ಲ.

ಈ ಮಾತು ಎತ್ತಿದರೆ ಉತ್ತರ ರೆಡಿ. 'ಮರ ಬೆಳೆಸೋಕೆ ತಾನೇ, ಅದಕ್ಕೂ ಪರ್ಮಿಷನ್ನಾ?' ನನ್ನ ತಕರಾರು ಇರುವುದು ಇಲ್ಲೇ.

ನಮ್ಮ ಕಡೆ ಹೇಳೋರು ಕೇಳೋರು ಇಲ್ಲದ ಮರ ಕಡಿಮೆ. ಸಾಲುಮರದ ಹುಣಸೆ, ಗುಂಡುತೋಪಿನ ಫಸಲು ಎಷ್ಟೋ ಕಡೆ ಹರಾಜಾಗಿರುತ್ತದೆ. ಕೂಗಿದವರು ದುಡ್ಡು ಕಟ್ಟಿರುತ್ತಾರೆ. ಹೊಂಗೆಕಾಯಿ ಆರಿಸಿ, ಒಣಗಿಸಿ, ಬಡಿದು ಬೀಜ ಮಾರುವ ಹೆಂಗಸರಿಗೆ ಅದು ಬೇಸಿಗೆಯ ಕೈಕಾಸು. ನಾವು ಎರಡು ಚೀಲ ತುಂಬಿಕೊಂಡು ಫೋಟೋ ಹಾಕಿದರೆ ಅವರ ಒಂದು ದಿನದ ಗಳಿಕೆ ಹೋಯಿತು, ಅಲ್ವಾ?

ಪಾಂಡವಪುರದ ಕಡೆ ಒಂದು ತೋಪಿನಲ್ಲಿ ಬೀಜ ಆರಿಸಬಹುದಾ ಅಂತ ಕೇಳಿದಾಗ ಅಲ್ಲಿದ್ದ ಅಜ್ಜಿ ಬೇಡ ಅನ್ನಲಿಲ್ಲ. 'ಬಿದ್ದಿರದ ಆಯ್ಕಳಿ ಸ್ವಾಮಿ, ಗಳ ತಕಂಡು ಬಡೀಬ್ಯಾಡಿ. ಹೊಸ ಚಿಗುರೂ ಹೂವೂ ಉದುರೋಯ್ತವೆ' ಅಂದರು. ತಲೆಯೆತ್ತಿ ನೋಡಿದರೆ ಹೌದು, ಕಂದು ಬಣ್ಣದ ಹಳೇ ಕಾಯಿಯ ಪಕ್ಕದಲ್ಲೇ ಎಳೆ ಚಿಗುರು, ಹೂಗೊಂಚಲು. ಬಂದವರಲ್ಲಿ ಅಷ್ಟು ಹೊತ್ತು ಯಾರೂ ಮೇಲೆ ನೋಡೇ ಇರಲಿಲ್ಲ.

ಕಾನೂನು ಇನ್ನೂ ಬಿಗಿ. ಕಾಡಿನಲ್ಲಿ ಹಣ್ಣು, ಬೀಜ ಎಲ್ಲವೂ ಅರಣ್ಯ ಉತ್ಪನ್ನ. ಮೀಸಲು ಅರಣ್ಯಕ್ಕೆ ಇಲಾಖೆಯ ಅನುಮತಿ ಬೇಕು. ಮೇಲುಕೋಟೆಯದು ವನ್ಯಜೀವಿ ಧಾಮ. ದೇವಸ್ಥಾನಕ್ಕೆ ಹೋದವರು ಬರುವಾಗ ಸುಮ್ನೆ ಒಂದು ಚೀಲ ತುಂಬಿಕೊಂಡರೂ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಊರಿನ ಜಾಗಕ್ಕೆ ಪಂಚಾಯಿತಿ ಇದೆ, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಅಲ್ಲೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಎಷ್ಟು ಕಡೆ ಅದು ಬರೀ ಬೋರ್ಡು ಅನ್ನೋದು ಬೇರೆ ಮಾತು.

ಆದರೆ ಸೀಲು ಬಿದ್ದ ಕಾಗದ ಸಿಕ್ಕಿದರೆ ಮುಗೀತಾ? ಎಚ್.ಡಿ. ಕೋಟೆ ಕಡೆ ಕಾಡಂಚಿನ ಹಾಡಿಗೆ, ಅಂದರೆ ಆದಿವಾಸಿಗಳ ಊರಿಗೆ, ಹೋದರೆ ಇದು ಇನ್ನೂ ಸೂಕ್ಷ್ಮ. 2006ರ ಅರಣ್ಯ ಹಕ್ಕು ಕಾಯ್ದೆ ಹಿಂದಿನಿಂದ ಆಯ್ದುಕೊಂಡು ಬಂದ ಕಿರು ಅರಣ್ಯ ಉತ್ಪನ್ನದ ಒಡೆತನವನ್ನು ಅಲ್ಲಿನ ಜನಕ್ಕೇ ಕೊಟ್ಟಿದೆ. ಯಾವ ಮರ ಯಾವಾಗ ಕಾಯಿ ಬಿಡುತ್ತದೆ ಅಂತ ತೋರಿಸೋರು ಜೇನುಕುರುಬರು, ನರ್ಸರಿ ಬೋರ್ಡಿನ ಮೇಲೆ ನಮ್ಮ ಹೆಸರು. ಇದು ನನಗೆ ಕಳ್ಳತನಕ್ಕಿಂತ ಜಾಸ್ತಿ ಕಸಿವಿಸಿ ಮಾಡುತ್ತದೆ. ದಾರಿ ತೋರಿಸಿದವರಿಗೆ ಕೂಲಿ ಕೊಡಬೇಕು, ಬೀಜ ಎಲ್ಲಿಗೆ ಹೋಗುತ್ತದೆ, ಮಾರಾಟಕ್ಕಾ ಅಂತ ಮೊದಲೇ ಹೇಳಬೇಕು. ಮೊಳೆತ ಸಸಿಗಳಲ್ಲಿ ಒಂದು ಪಾಲು ಅದೇ ಊರಿಗೆ ವಾಪಸ್ ಬರಬೇಕು.

ಎಷ್ಟು ತೆಗೆಯೋದು? ಕಾಡುಗಿಡಗಳ ಬೀಜ ಕಾಪಿಡುವ ಇಂಗ್ಲೆಂಡಿನ ಮಿಲೇನಿಯಂ ಸೀಡ್ ಬ್ಯಾಂಕಿನವರು ಆ ದಿನ ಬಲಿತಿರುವ ಬೀಜದಲ್ಲಿ ಶೇ. 20ಕ್ಕಿಂತ ಹೆಚ್ಚು ಮುಟ್ಟಬೇಡಿ ಅನ್ನುತ್ತಾರೆ. ಅಪರೂಪದ ಗಿಡಕ್ಕೆ ನನ್ನ ಲೆಕ್ಕ ಇನ್ನೂ ಕಮ್ಮಿ. ಬೇವಿನ ಬೀಜವಂತೂ ಕೆಲವೇ ವಾರದಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಮೂಟೆ ಕಟ್ಟಿ ಗ್ಯಾರೇಜಿನಲ್ಲಿ ಇಟ್ಟು ಏನು ಮಾಡ್ತೀರಿ?

ಕೇಳಿದ ಮೇಲೆ 'ಕೊಡಲ್ಲ' ಅಂದರೆ? ವಾಪಸ್ ಬರೋದು, ಅಷ್ಟೇ. ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ ಫೋನ್ ಮಾಡಿಸೋದು, 'ಪರಿಸರಕ್ಕಾಗಿ' ಅಂತ ಭಾಷಣ ಬಿಗಿಯೋದು ಬೇಡ. ಅಷ್ಟು ದೂರದಿಂದ ಪೆಟ್ರೋಲ್ ಸುಟ್ಟುಕೊಂಡು ಬಂದಿದ್ದೀವಿ ಅನ್ನೋದು ಅವರ ತಲೆನೋವಲ್ಲ.