ಕಾರಿಗೆ ಬುದ್ಧಿ ಬಂತು, ಓಡಿಸುವವರಿಗೆ ಹೇಳಿಕೊಡುವವರು ಯಾರು?

ಜರ್ಮನಿಯಲ್ಲಿ ಕಾರಿನ ಲೈಸೆನ್ಸ್ ಪರೀಕ್ಷೆಗೆ ಹೋದವರಿಂದ ಪರೀಕ್ಷಕರು ಮಾಡಿಸಬಹುದಾದ ಕೆಲಸಗಳಲ್ಲಿ ಒಂದು ನನಗೆ ತುಂಬಾ ಇಷ್ಟ. ಕಾರು ಸುಮಾರು 30 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತದೆ. ಪರೀಕ್ಷಕರು ಹೇಳಿದ ಕೂಡಲೇ ಕಾಲಿನ ಬಲವೆಲ್ಲ ಹಾಕಿ ಬ್ರೇಕ್ ಒತ್ತಿ ನಿಲ್ಲಿಸಬೇಕು. ಮೆಲ್ಲಗೆ ಒತ್ತಿದರೆ ಆಗುವುದಿಲ್ಲ. ಚಕ್ರಗಳು ಲಾಕ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಶುರುವಾಗಿ ಪೆಡಲ್ ಗಡಗಡ ನಡುಗಿದರೂ ಕಾಲು ತೆಗೆಯುವ ಹಾಗಿಲ್ಲ. ಪರೀಕ್ಷೆಯಲ್ಲಿ ಕೇಳಬಹುದಾದ್ದರಿಂದ ಡ್ರೈವಿಂಗ್ ಸ್ಕೂಲಿನಲ್ಲೂ ಇದನ್ನು ಮಾಡಿಸುತ್ತಾರೆ.

ನಮ್ಮ ಕಡೆ ನಾನು ಕಂಡ ಪರೀಕ್ಷೆಗಳಲ್ಲಿ ಎಂಟರ ಆಕಾರದಲ್ಲಿ ತಿರುಗಿಸುವುದು, ರಿವರ್ಸ್ ತೆಗೆಯುವುದು, ಏರಿನಲ್ಲಿ ನಿಲ್ಲಿಸಿ ಹೊರಡುವುದು, ಇವೇ ಮುಖ್ಯ. ಇವೆಲ್ಲ ಬೇಕಾದವೇ. ಆದರೆ 2019ರ ಏಪ್ರಿಲ್‌ನಿಂದ ಭಾರತದಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಅದು ಕೆಲಸ ಮಾಡುವಾಗ ಕಾಲಿಗೆ ಹೇಗನ್ನಿಸುತ್ತದೆ ಅಂತ ಗೊತ್ತಿರುವವರು ಎಷ್ಟು ಜನ? ಮೊದಲ ಸಲ ಪೆಡಲ್ ನಡುಗಿದಾಗ ಏನೋ ಮುರಿಯಿತು ಅಂದುಕೊಂಡು ಕಾಲು ಎತ್ತಿಬಿಡುತ್ತಾರೆ. ಎತ್ತಲೇಬಾರದ ಹೊತ್ತು ಅದು. ಒತ್ತಿ ಹಿಡಿದೇ ಇದ್ದರೆ ಚಕ್ರಗಳು ಲಾಕ್ ಆಗುವುದಿಲ್ಲ, ಸ್ಟೀರಿಂಗ್ ತಿರುಗಿಸಿ ಅಡ್ಡ ಬಂದದ್ದನ್ನು ತಪ್ಪಿಸಬಹುದು. ಎಬಿಎಸ್ ಇರುವುದೇ ಅದಕ್ಕೆ.

ಎರಡೂ ಕಡೆ ಕಾರು ಓಡಿಸಿರುವ ನನಗೆ ಅನ್ನಿಸುವುದು ಇಷ್ಟು. ಇವತ್ತು ಎರಡೂ ಕಡೆ ಕಾರು ಹೆಚ್ಚು ಕಡಿಮೆ ಒಂದೇ. ಅದೇ ಸ್ಟಾರ್ಟ್ ಬಟನ್, ಕಾರು ಜಾರದಂತೆ ಹಿಡಿಯುವ ಅದೇ ಇಎಸ್‌ಸಿ, ಅದೇ ಕ್ಯಾಮೆರಾ ಮತ್ತು ರಡಾರ್. ಕಲಿಸುವ ರೀತಿ ಮಾತ್ರ ಬೇರೆ. ನಮ್ಮಲ್ಲಿ ಕಾರಿನ ಜೊತೆ ಸೌಲಭ್ಯಗಳ ಪಟ್ಟಿ ಸಿಗುತ್ತದೆ, ಪಾಠ ಸಿಗುವುದಿಲ್ಲ. ಇದು ಬದಲಾಗಲೇಬೇಕು.

ಸ್ಟಾರ್ಟ್ ಬಟನ್ನನ್ನೇ ನೋಡಿ. ಬ್ರೇಕ್ ಒತ್ತಿ ಬಟನ್ ಒತ್ತಿದರೆ ಎಂಜಿನ್ ಶುರು, ಅಷ್ಟು ಎಲ್ಲರಿಗೂ ಗೊತ್ತು. ಓಡುತ್ತಿರುವ ಕಾರಿನ ಎಂಜಿನ್ನನ್ನು ಅದೇ ಬಟನ್ನಿಂದ ನಿಲ್ಲಿಸುವುದು ಹೇಗೆ ಅಂತ ಕೇಳಿ. ಹೆಚ್ಚಿನವರು ಒಂದು ಸಲ ಒತ್ತಿದರೆ ಸಾಕು ಅನ್ನುತ್ತಾರೆ. ಸಾಲದು. ಗೊತ್ತಿಲ್ಲದೆ ಕೈ ತಾಗಿ ಎಂಜಿನ್ ನಿಲ್ಲಬಾರದು ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ. ಕೆಲವು ಕಾರುಗಳಲ್ಲಿ ಒಂದೆರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕು, ಕೆಲವಲ್ಲಿ ಬೇಗ ಬೇಗ ಕೆಲವು ಸಲ ಒತ್ತಬೇಕು. ನಿಮ್ಮ ಕಾರಿನದು ಯಾವುದು ಅಂತ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ.

ಇದು ಸಣ್ಣ ವಿಷಯ ಅನ್ನಿಸಿದರೆ 2009ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಹತ್ತಿರ ನಡೆದ ಅಪಘಾತ ನೆನಪಿಸಿಕೊಳ್ಳಬೇಕು. ಡೀಲರ್ ಬಳಕೆಗೆ ಕೊಟ್ಟಿದ್ದ ಕಾರಿನಲ್ಲಿ ಬೇರೆ ಮಾಡೆಲ್ಲಿನ ಫ್ಲೋರ್ ಮ್ಯಾಟ್ ಹಾಕಿದ್ದರು. ಅದಕ್ಕೆ ಸಿಕ್ಕಿಕೊಂಡ ಆಕ್ಸಿಲರೇಟರ್ ಮೇಲೇಳಲೇ ಇಲ್ಲ. ಆ ಕಾರಿನ ಬಟನ್ನನ್ನು 3 ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಎಂಜಿನ್ ನಿಲ್ಲುತ್ತಿತ್ತು. ಓಡಿಸುತ್ತಿದ್ದವರು ಹೆದ್ದಾರಿ ಪೊಲೀಸ್ ಅಧಿಕಾರಿ. ಕಾರಿನಲ್ಲಿದ್ದ ನಾಲ್ಕೂ ಜನ ಸತ್ತರು. ವೇಗವಾಗಿ ಓಡಿಸುವ ತರಬೇತಿ ಇದ್ದವರಿಗೇ ಹೀಗಾದರೆ ಬೇರೆಯವರ ಗತಿ ಏನು?

ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದ್ದು ಎರಡೇ ಕೆಲಸ. ಗೇರನ್ನು ನ್ಯೂಟ್ರಲ್‌ಗೆ ಹಾಕುವುದು, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ ಒಂದೇ ಸಮ ಗಟ್ಟಿಯಾಗಿ ಒತ್ತಿ ಹಿಡಿಯುವುದು. ಎಂಜಿನ್ ನಿಲ್ಲಿಸುವುದು ಆಮೇಲೆ. ಯಾಕೆಂದರೆ ಎಂಜಿನ್ ನಿಂತರೆ ಸ್ಟೀರಿಂಗ್ ಭಾರವಾಗುತ್ತದೆ, ಬ್ರೇಕಿಗೆ ಸಿಗುವ ಸಹಾಯವೂ ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿದುಹೋಗುತ್ತದೆ. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇದ್ದರೆ, ಕಾಲಿನ ಬ್ರೇಕ್ ಕೈಕೊಟ್ಟಾಗ ಅದರ ಸ್ವಿಚ್ಚನ್ನು ಬಿಡದೆ ಹಿಡಿದುಕೊಂಡು ಕಾರು ನಿಲ್ಲಿಸುವ ವ್ಯವಸ್ಥೆ ಎಷ್ಟೋ ಕಾರುಗಳಲ್ಲಿದೆ. ಅದನ್ನು ಬರೀ ಪಾರ್ಕಿಂಗ್‌ಗೆ ಅಂತ ತಿಳಿದವರೇ ಜಾಸ್ತಿ.

ರಿಮೋಟ್ ಕೀಯ ಬ್ಯಾಟರಿ ಮುಗಿದರೆ ದಾರಿ ಮಧ್ಯೆ ನಿಂತು ಗಾಬರಿ ಪಡುವವರಿದ್ದಾರೆ. ಕೀ ಒಳಗೇ ಬಾಗಿಲು ತೆಗೆಯಲು ಒಂದು ಲೋಹದ ಕೀ ಇರುತ್ತದೆ. ಒಳಗೆ ಕೂತು ರಿಮೋಟನ್ನು ಬಟನ್ನಿಗೆ ತಾಗಿಸಿದರೆ ಅಥವಾ ಅದಕ್ಕೆಂದು ಗುರುತು ಮಾಡಿದ ಜಾಗದಲ್ಲಿಟ್ಟರೆ ಬಹುತೇಕ ಕಾರುಗಳು ಸ್ಟಾರ್ಟ್ ಆಗುತ್ತವೆ. ಕೀ ಜೇಬಿನಲ್ಲಿ ಇಟ್ಟುಕೊಂಡು ಇಳಿದು ಹೋದ ಮಾತ್ರಕ್ಕೆ ಎಂಜಿನ್ ನಿಂತಿತು ಅಂತಲೂ ಅಲ್ಲ. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಹೀಗೆ ಎಂಜಿನ್ ಓಡುತ್ತಲೇ ಇದ್ದು, ವಾಸನೆ ಬಾರದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬಿ ಜನ ಸತ್ತಿದ್ದಾರೆ. ಈಗಿನ ಎಂಜಿನ್‌ಗಳ ಸದ್ದು ಅಷ್ಟು ಕಡಿಮೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನಲ್ಲಂತೂ ಸದ್ದೇ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ‘ರೆಡಿ’ ಅಂತ ಕಂಡರೆ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದೊಡನೆ ಕಾರು ಹೊರಡುತ್ತದೆ. ಮಕ್ಕಳನ್ನು ಒಳಗೆ ಕೂರಿಸಿ, ಕೀಯನ್ನೂ ಅಲ್ಲೇ ಬಿಟ್ಟು, ಒಂದು ನಿಮಿಷ ಅಂತ ಇಳಿಯುವ ಅಭ್ಯಾಸ ದಯವಿಟ್ಟು ಬಿಡಿ.

ಇನ್ನು ಇಎಸ್‌ಸಿ, ಅಂದರೆ ಕಾರು ಅಡ್ಡ ಜಾರದಂತೆ ಹಿಡಿಯುವ ವ್ಯವಸ್ಥೆ. ಸೀಟ್ ಬೆಲ್ಟ್ ಬಿಟ್ಟರೆ ನನಗೆ ಅತಿ ಹೆಚ್ಚು ಗೌರವ ಇರುವುದು ಇದರ ಮೇಲೆ. ಬಾಷ್ ಮತ್ತು ಮರ್ಸಿಡಿಸ್ ಸೇರಿ 1995ರಲ್ಲಿ ಇದನ್ನು ಎಸ್ ಕ್ಲಾಸ್ ಕಾರಿನಲ್ಲಿ ತಂದವು. ದುಬಾರಿ ಕಾರಿನಲ್ಲಿದ್ದದ್ದು ಸಣ್ಣ ಕಾರಿಗೆ ಇಳಿದದ್ದು ಒಂದು ಸೋಲಿನಿಂದ. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಮರ್ಸಿಡಿಸ್‌ನ ಹೊಸ ಎ ಕ್ಲಾಸ್ ಕಾರನ್ನು ಪರೀಕ್ಷಿಸಿತು. ದಾರಿಗೆ ದೊಡ್ಡ ಪ್ರಾಣಿ ಅಡ್ಡ ಬಂದರೆ ಹೇಗೆ ಸರಕ್ಕನೆ ತಪ್ಪಿಸುತ್ತೇವೋ ಹಾಗೆ ತಿರುಗಿಸಿದಾಗ ಕಾರು ಮಗುಚಿಬಿತ್ತು. ಕಂಪನಿ ಆ ಸಣ್ಣ ಕಾರಿಗೂ ಈ ವ್ಯವಸ್ಥೆ ಹಾಕಿಕೊಟ್ಟಿತು. ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರಿಗೂ ಇದು ಕಡ್ಡಾಯ. ಕಾರಿನ ಸುರಕ್ಷತೆ ಅಳೆದು ಸ್ಟಾರ್ ಕೊಡುವ, ನಮ್ಮಲ್ಲಿ 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೂರು ಸ್ಟಾರ್ ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಕಾರಿನಲ್ಲಿ ಇಎಸ್‌ಸಿ ಇರಲೇಬೇಕು. ಒಂದೇ ವಾಹನ ತಾನಾಗಿ ದಾರಿ ತಪ್ಪಿ ಜೀವ ಹೋಗುವ ಅಪಘಾತದ ಅಪಾಯವನ್ನು ಇದು ಸುಮಾರು ಅರ್ಧಕ್ಕೆ ಇಳಿಸುತ್ತದೆ ಅಂತ ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ ಕಂಡುಕೊಂಡಿದೆ.

ಇಎಸ್‌ಸಿ ಮಾಡುವ ಕೆಲಸ ನೇರ. ನೀವು ಸ್ಟೀರಿಂಗ್ ಎಷ್ಟು ತಿರುಗಿಸಿದ್ದೀರಿ, ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ, ಪ್ರತಿ ಚಕ್ರದ ವೇಗ ಎಷ್ಟು, ಇವನ್ನು ಎಡೆಬಿಡದೆ ಹೋಲಿಸುತ್ತಿರುತ್ತದೆ. ಹಿಂಭಾಗ ಹೊರಗೆ ಜಾರಿದರೆ ಹೊರಬದಿಯ ಮುಂದಿನ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಮೂತಿ ತಿರುಗದೆ ನೇರ ಹೋಗುತ್ತಿದ್ದರೆ ಒಳಬದಿಯ ಹಿಂದಿನ ಚಕ್ರಕ್ಕೆ. ಜೊತೆಗೆ ಎಂಜಿನ್ ಬಲವನ್ನೂ ತಗ್ಗಿಸುತ್ತದೆ. ಒಂದೇ ಚಕ್ರಕ್ಕೆ ಬ್ರೇಕ್ ಹಾಕುವುದು ಯಾವ ಮನುಷ್ಯನ ಕಾಲಿಗೂ ಆಗದ ಕೆಲಸ. ಆದರೆ ಟಯರ್ ಎಷ್ಟು ಹಿಡಿತ ಕೊಡುತ್ತದೋ ಅಷ್ಟರೊಳಗೇ ಅದರ ಆಟ. ಸವೆದ ಟಯರ್ ಹಾಕಿಕೊಂಡು, ಮಳೆಯಲ್ಲಿ ತಿರುವಿಗೆ ಮಿತಿ ಮೀರಿದ ವೇಗದಲ್ಲಿ ನುಗ್ಗಿದರೆ ಅದೂ ಸೋಲುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಪಾಲಿನ ಕೆಲಸ, ಹೋಗಬೇಕಾದ ಕಡೆ ದೃಷ್ಟಿ ಇಟ್ಟು ಆ ಕಡೆಗೇ ಸ್ಟೀರಿಂಗ್ ಹಿಡಿಯುವುದು.

ಜರ್ಮನಿಯಲ್ಲಿ ಇದನ್ನು ಕಲಿಯಲು ಜಾಗಗಳಿವೆ. ಎಡಿಎಸಿ ಅನ್ನುವ ವಾಹನ ಸಂಘ ನಡೆಸುವ ತರಬೇತಿಯಲ್ಲಿ ನೀರು ಹಾಯಿಸಿದ ನುಣುಪು ನೆಲದ ಮೇಲೆ ಕಾರನ್ನು ಬೇಕೆಂದೇ ಜಾರಿಸಿ, ಹೇಗೆ ಹಿಡಿಯಬೇಕು ಅಂತ ತೋರಿಸುತ್ತಾರೆ. ಪಕ್ಕದ ಆಸ್ಟ್ರಿಯಾದಲ್ಲಿ 2003ರಿಂದ ಹೊಸ ಲೈಸೆನ್ಸ್ ಪಡೆದವರಿಗೆ ಇಂಥ ತರಬೇತಿ ಕಡ್ಡಾಯವೇ ಆಗಿದೆ. ನಮ್ಮಲ್ಲಿ ಇಷ್ಟೊಂದು ಘಾಟಿ ರಸ್ತೆ, ಇಷ್ಟೊಂದು ಮಳೆ. ಇದು ನಮಗೇ ಹೆಚ್ಚು ಬೇಕಲ್ವಾ?

ಡ್ಯಾಶ್‌ಬೋರ್ಡಿನ ದೀಪದ ಬಗ್ಗೆ ಎಲ್ಲರಿಗೂ ಗೊಂದಲ. ನಮ್ಮ ಅಣ್ಣ ಹೊಸ ಕಾರು ತೆಗೆದುಕೊಂಡ ಮೊದಲ ಮಳೆಗೇ ಫೋನ್ ಮಾಡಿದ್ದ. “ಕಾರಿನ ಹಿಂದೆ ಹಾವಿನ ಥರ ಗೆರೆ ಇರೋ ಹಳದಿ ದೀಪ ಮಿನುಗ್ತಾ ಇತ್ತು ಕಣೋ, ಸರ್ವಿಸಿಗೆ ಕೊಡ್ಲಾ?” “ಬೇಡ ಅಣ್ಣ, ಮಿನುಗಿದ್ರೆ ಅದು ಕೆಲಸ ಮಾಡ್ತಾ ಇದೆ ಅಂತ. ರಸ್ತೆ ಜಾರ್ತಾ ಇದೆ, ನಿಧಾನ ಮಾಡು ಅಂತ. ಆರದೆ ಉರಿತಾನೇ ಇದ್ರೆ ಮಾತ್ರ ತೋರಿಸು” ಅಂದೆ. ಶೋರೂಮಿನಲ್ಲಿ ಅವನಿಗೆ ಸನ್‌ರೂಫ್ ತೆರೆಯುವುದನ್ನೂ ಫೋನ್ ಜೋಡಿಸುವುದನ್ನೂ ವಿವರವಾಗಿ ಹೇಳಿದ್ದರಂತೆ. ಈ ದೀಪದ ಮಾತೇ ಬಂದಿರಲಿಲ್ಲ. ಅದನ್ನು ಕೇಳಿ ನನಗೆ ನಿಜಕ್ಕೂ ಬೇಸರವಾಯಿತು.

ಅದೇ ಚಿತ್ರದ ಜೊತೆ ‘ಆಫ್’ ಅಂತ ಬರೆದ ಬಟನ್ ಒಂದಿರುತ್ತದೆ. ಕೆಸರಿನಲ್ಲೋ ಮರಳಿನಲ್ಲೋ ಚಕ್ರ ಹೂತಾಗ ಅದು ಬೇಕು. ಆಗ ಚಕ್ರ ಒಂದಿಷ್ಟು ತಿರುಗಿದರೇ ಕಾರು ಮೇಲೆ ಬರುವುದು, ವ್ಯವಸ್ಥೆ ಅದನ್ನು ತಡೆಯುತ್ತಿರುತ್ತದೆ. ಹೊರಗೆ ಬಂದ ತಕ್ಷಣ ಮತ್ತೆ ಆನ್ ಮಾಡಿ. ಆಫ್ ಮಾಡಿದರೆ ಕಾರಿಗೆ ಜಾಸ್ತಿ ಪವರ್ ಬರುತ್ತದೆ ಅನ್ನುವುದನ್ನು ನಂಬಬೇಡಿ.

ಕ್ಯಾಮೆರಾ, ರಡಾರ್ ಇಟ್ಟುಕೊಂಡು ಚಾಲಕರಿಗೆ ನೆರವಾಗುವ ವ್ಯವಸ್ಥೆಗಳ, ಅಂದರೆ ಅಡಾಸ್‌ನ ವಿಷಯಕ್ಕೆ ಬಂದರೆ ಎರಡು ಕಡೆಯ ಜನರೂ ಬೇರೆ ಬೇರೆ ರೀತಿ ತಪ್ಪುತ್ತಿದ್ದಾರೆ ಅಂತ ನನ್ನ ಅನಿಸಿಕೆ. ಯುರೋಪಿನಲ್ಲಿ 2024ರ ಜುಲೈ 7ರಿಂದ ಮಾರುವ ಎಲ್ಲ ಹೊಸ ಕಾರುಗಳಲ್ಲಿ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ, ಲೇನ್ ಬಿಟ್ಟರೆ ಹಿಂದಕ್ಕೆಳೆಯುವ ವ್ಯವಸ್ಥೆ, ವೇಗದ ಮಿತಿ ದಾಟಿದರೆ ಎಚ್ಚರಿಸುವ ವ್ಯವಸ್ಥೆ, ತೂಕಡಿಕೆ ಬಂದರೆ ಎಚ್ಚರಿಸುವ ವ್ಯವಸ್ಥೆ ಇರಲೇಬೇಕು. ವೇಗದ ಎಚ್ಚರಿಕೆಯನ್ನು ಆಫ್ ಮಾಡಬಹುದು, ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಅದು ತಾನೇ ಮತ್ತೆ ಆನ್ ಆಗುತ್ತದೆ. ನನ್ನ ಪರಿಚಯದ ಹಲವರು ಪ್ರತಿ ದಿನ ಕಾರು ಹತ್ತಿ ಮೊದಲು ಮಾಡುವ ಕೆಲಸ ಅದನ್ನು ಆಫ್ ಮಾಡುವುದು. ಉಳಿದವುಗಳ ಮೇಲೆ ಅವರಿಗೆ ಪೂರ್ತಿ ಭರವಸೆ. ಉದ್ದದ, ನೇರದ, ಶಿಸ್ತಿನ ರಸ್ತೆ. ಕಾರೇ ನೋಡಿಕೊಳ್ಳುತ್ತದೆ ಅಂತ ಮನಸ್ಸು ಬೇರೆಲ್ಲೋ ಹೋಗುತ್ತದೆ.

ನಮ್ಮ ಕಡೆಯ ಚಾಲಕರ ಒಂದು ಗುಣವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮುಂದಿನ ಕ್ಷಣ ಏನು ಬೇಕಾದರೂ ಅಡ್ಡ ಬರಬಹುದು ಅಂತ ಅವರ ಕಣ್ಣು ಸದಾ ಎಚ್ಚರ. ಈ ವ್ಯವಸ್ಥೆಗಳು ಮನುಷ್ಯನಿಂದ ಬಯಸುವುದು ಇದನ್ನೇ. ಇವತ್ತು ಮಾರಾಟವಾಗುತ್ತಿರುವವುಗಳಲ್ಲಿ ಬಹುತೇಕ ಎಲ್ಲವೂ ಹೆಚ್ಚೆಂದರೆ ಎರಡನೇ ಮಟ್ಟದವು. ಅಂದರೆ ಕಾರು ಸ್ಟೀರಿಂಗ್, ಬ್ರೇಕ್ ಎರಡನ್ನೂ ನೋಡಿಕೊಳ್ಳುತ್ತಿದ್ದರೂ ಹೊಣೆ ಪೂರ್ತಿ ನಿಮ್ಮದೇ. ಕಣ್ಣು ರಸ್ತೆಯಿಂದ ತೆಗೆಯಬಹುದಾದ ಮೂರನೇ ಮಟ್ಟದ ವ್ಯವಸ್ಥೆಗೆ ಜರ್ಮನಿ 2021ರ ಡಿಸೆಂಬರ್‌ನಲ್ಲಿ ಅನುಮತಿ ಕೊಟ್ಟಾಗಲೂ ಅದು ಹೆದ್ದಾರಿಯ ದಟ್ಟಣೆಯಲ್ಲಿ, ಗಂಟೆಗೆ 60 ಕಿಲೋಮೀಟರ್ ತನಕ ಮಾತ್ರ. ಹೀಗಿರುವಾಗ ಸ್ಟೀರಿಂಗ್‌ನಿಂದ ಕೈ ಬಿಟ್ಟು ರೀಲ್ಸ್ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದನ್ನು ನೋಡಿದ ಹುಡುಗರು ಕಾರು ತಾನೇ ಓಡುತ್ತದೆ ಅಂತ ನಂಬುತ್ತಾರೆ.

ಅಡಾಪ್ಟಿವ್ ಕ್ರೂಸ್ ಮುಂದಿನ ಕಾರಿನ ಹಿಂದೆ ಅಂತರ ಇಟ್ಟುಕೊಂಡು ಹೋಗುತ್ತದೆ. ವೇಗದಲ್ಲಿರುವಾಗ, ಅಲುಗಾಡದೆ ನಿಂತಿರುವ ವಾಹನ ಅದಕ್ಕೆ ಕಾಣದೇ ಹೋಗಬಹುದು. ಮುಂದಿನ ಕಾರು ಥಟ್ಟನೆ ಲೇನ್ ಬದಲಿಸಿ, ಅದರ ಮುಂದೆ ಕೆಟ್ಟು ನಿಂತ ಲಾರಿ ಕಂಡರೆ ಬ್ರೇಕ್ ಒತ್ತಬೇಕಾದವರು ನೀವೇ. ಕೆಟ್ಟ ಲಾರಿಗಳು ದೀಪವೂ ಇಲ್ಲದೆ ಹೆದ್ದಾರಿಯಲ್ಲಿ ನಿಲ್ಲುವ ನಮ್ಮ ಕಡೆ ಇದನ್ನು ಶೋರೂಮಿನಲ್ಲಿ ಒತ್ತಿ ಹೇಳಬೇಕು. ಲೇನ್ ಅಸಿಸ್ಟ್ ಗೆರೆ ನೋಡಿ ನಡೆಯುತ್ತದೆ. ಗೆರೆ ಅಳಿಸಿದ್ದರೆ ಅದು ಕೈಬಿಡುತ್ತದೆ. ಇಂಡಿಕೇಟರ್ ಹಾಕದೆ ಗೆರೆ ದಾಟಿದರೆ ಸ್ಟೀರಿಂಗ್ ಎಳೆಯುತ್ತದೆ. ಆಗ ಕಾರು ಹಟ ಮಾಡುತ್ತಿದೆ ಅಂತ ಬೈಯುವ ಬದಲು ಇಂಡಿಕೇಟರ್ ಹಾಕಿ.

ನುಗ್ಗಿ ಬರುವ ಬೈಕುಗಳ ನಡುವೆ ಕ್ರೂಸ್, ಲೇನ್ ಅಸಿಸ್ಟ್ ಎರಡನ್ನೂ ಆಫ್ ಮಾಡಿದರೆ ನಾನು ಸರಿ ಅನ್ನುತ್ತೇನೆ. ಆದರೆ ‘ಅಡಾಸ್ ನಮ್ಮ ರಸ್ತೆಗೆ ಆಗಲ್ಲ’ ಅಂತ ಸುಮ್ನೆ ಎಲ್ಲವನ್ನೂ ಒಟ್ಟಿಗೆ ಆಫ್ ಮಾಡುವುದನ್ನು ಒಪ್ಪುವುದಿಲ್ಲ. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯನ್ನು ಬೇರೆಯಾಗಿ ಆನ್ ಇಟ್ಟುಕೊಳ್ಳಲು ಬರುತ್ತದೆ. ಅದನ್ನು ಇಟ್ಟುಕೊಳ್ಳಿ.

ಈ ಸೆಟ್ಟಿಂಗ್‌ಗಳನ್ನು ಹೊರಡುವ ಮುಂಚೆಯೇ ಮಾಡಿಕೊಳ್ಳಬೇಕು. ಟಚ್‌ಸ್ಕ್ರೀನ್‌ನಲ್ಲಿ ವೈಪರ್ ವೇಗ ಬದಲಿಸುತ್ತಾ ರಸ್ತೆ ಬಿಟ್ಟು ಹೋಗಿ ಗುದ್ದಿದ ಚಾಲಕನಿಗೆ ಹಾಕಿದ್ದ ದಂಡವನ್ನೂ ಒಂದು ತಿಂಗಳ ಚಾಲನಾ ನಿಷೇಧವನ್ನೂ ಜರ್ಮನಿಯ ಕಾರ್ಲ್ಸ್‌ರುಯೆ ನಗರದ ಮೇಲಿನ ಕೋರ್ಟ್ 2020ರಲ್ಲಿ ಎತ್ತಿಹಿಡಿಯಿತು. ವೈಪರ್ ಕಾರಿನದ್ದೇ ಭಾಗ ಅನ್ನುವ ವಾದ ನಡೆಯಲಿಲ್ಲ. ಕಣ್ಣು ಎಷ್ಟು ಹೊತ್ತು ರಸ್ತೆ ಬಿಟ್ಟಿತು ಅನ್ನುವುದಷ್ಟೇ ಮುಖ್ಯವಾಯಿತು. ಇಂಥ ತೀರ್ಪು ನಮ್ಮಲ್ಲೂ ಬರಲಿ ಅಂತ ಆಸೆ ನನಗೆ.

ಕ್ಯಾಮೆರಾ ಇರುವುದು ಮುಂದಿನ ಗಾಜಿನ ಹಿಂದೆ, ಕನ್ನಡಿಯ ಹತ್ತಿರ. ರಡಾರ್ ಇರುವುದು ಮುಂದಿನ ಗ್ರಿಲ್ ಅಥವಾ ಬಂಪರಿನಲ್ಲಿ. ಕೆಸರು, ಧೂಳು ಕೂತರೆ ಅವು ಕುರುಡು, ಕಾರು ತೊಳೆಯುವಾಗ ಆ ಜಾಗಗಳನ್ನು ಮರೆಯಬೇಡಿ. ಮುಂದಿನ ಗಾಜು ಒಡೆದು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿಸಬೇಕಾಗುತ್ತದೆ. ನೋಟ ಸ್ವಲ್ಪ ಓರೆಯಾದರೂ ದೂರದಲ್ಲಿರುವ ಕಾರು ಯಾವ ಲೇನಿನಲ್ಲಿದೆ ಅನ್ನುವ ಲೆಕ್ಕವೇ ತಪ್ಪುತ್ತದೆ. ಗಾಜು ಹಾಕಿಸಿದ ಕಡೆ ಕ್ಯಾಲಿಬ್ರೇಷನ್ ಮಾಡಿದ ದಾಖಲೆ ಬರೆಸಿಕೊಳ್ಳಿ. ಕೊಡದಿದ್ದರೆ ಗಾಡಿ ತೆಗೆದುಕೊಂಡು ಬರಬೇಡಿ.