ಉದ್ಘಾಟನೆಗೆ ಎರಡು ಗಂಟೆ, ಸ್ಯಾಂಪ್ಲಿಂಗಿಗೆ ನಲವತ್ತು ನಿಮಿಷ

ವಾಟ್ಸಾಪಿಗೆ ಮತ್ತೊಂದು ಆಮಂತ್ರಣ ಬಂತು. ಪರಿಶಿಷ್ಟ ಮತ್ತು ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಎರಡು ದಿನದ ಸಮಾಜ ವಿಜ್ಞಾನ ಸಂಶೋಧನಾ ಕಾರ್ಯಾಗಾರವಂತೆ. ದೀಪ ಬೆಳಗುವವರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ ಎಲ್ಲ ಸೇರಿ ಅರ್ಧ ಪುಟ ಹೆಸರು. ಸ್ಯಾಂಪ್ಲಿಂಗಿಗೆ, ಅಂದರೆ ಎಲ್ಲರನ್ನೂ ಕೇಳುವ ಬದಲು ಕೆಲವರನ್ನು ಆರಿಸುವ ವಿಧಾನಕ್ಕೆ, ಎರಡನೇ ದಿನ ಊಟ ಆದ ಮೇಲೆ ನಲವತ್ತು ನಿಮಿಷ. ಮಂಗಳೂರಿನ ಸೆಖೆಯಲ್ಲಿ, ಊಟ ಆದ ಮೇಲೆ! ಎಂತ ಹೇಳುವುದು ಮಾರಾಯ್ರೆ.

ಎರಡು ದಿನದಲ್ಲಿ ಯಾರೂ ಸಂಶೋಧಕರಾಗುವುದಿಲ್ಲ ಎಂದು ಆಯೋಜಕರಿಗೂ ಗೊತ್ತು. ಅವರಿಗೆ ಬೇಕಾದದ್ದು ಮುಂದಿನ ಸರ್ವೆಗೆ ಫಾರ್ಮ್ ಹಿಡಿದು ಮನೆಮನೆ ತಿರುಗುವ ಮಕ್ಕಳು. ಬಡವರ ಮಕ್ಕಳು, ತುಳು, ಬ್ಯಾರಿ ಎಲ್ಲ ಬಲ್ಲವರು, ಕಡಿಮೆ ದುಡ್ಡಿಗೆ ಬರುವವರು. ಅದೂ ಫಾರ್ಮಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಹಾಗೆ ಕೊಟ್ಟರೆ ಕೊನೆಯ ಹತ್ತು ಫಾರ್ಮ್ ಬಸ್‌ಸ್ಟ್ಯಾಂಡಿನಲ್ಲೇ ಕೂತು ತುಂಬಿಸಿದ್ದಾಗಿರುತ್ತದೆ. ಆಮೇಲೆ ‘ಈಗಿನ ಮಕ್ಕಳಿಗೆ ಪ್ರಾಮಾಣಿಕತೆ ಇಲ್ಲ’ ಎಂಬ ಭಾಷಣ ಬೇರೆ. ದಿನಕ್ಕೆ ಇಷ್ಟು ಎಂದು ಕೊಡಿ, ಬಸ್ಸಿನ ದುಡ್ಡು ಬೇರೆ ಕೊಡಿ, ನೂರರಲ್ಲಿ ಹತ್ತು ಮನೆಗಾದರೂ ಮೇಲ್ವಿಚಾರಕರು ತಾವೇ ಹೋಗಿ ಇನ್ನೊಮ್ಮೆ ವಿಚಾರಿಸಲಿ. ಆಗ ನೋಡುವ.

ಆ ನಲವತ್ತು ನಿಮಿಷದಲ್ಲಿ ಏನು ಹೇಳಿಕೊಡುತ್ತಾರೆ? ಸ್ಯಾಂಪ್ಲಿಂಗಿನ ವಿಧಗಳ ಹೆಸರು. ಕೈಯಲ್ಲಿ ಮಾಡಿಸುವುದಿಲ್ಲ. 240 ಮನೆಗಳ ಪಟ್ಟಿಯಿಂದ 30 ಬೇಕಾದರೆ ಪ್ರತಿ ಎಂಟನೇ ಮನೆ. 1ರಿಂದ 8ರೊಳಗೆ ಒಂದು ಚೀಟಿ ಎತ್ತಬೇಕು, 5 ಬಂದರೆ 5, 13, 21 ಹೀಗೆ. ಇಷ್ಟು ಎಲ್ಲರಿಗೂ ಅರ್ಥವಾಗುತ್ತದೆ. ಎಡವಟ್ಟಾಗುವುದು 13ನೇ ಮನೆಗೆ ಬೀಗ ಇದ್ದಾಗ. ಹುಡುಗ ಪಕ್ಕದ ಮನೆಗೆ ಹೋಗುತ್ತಾನೆ. ಬೀಗ ಹಾಕಿದವರು ಯಾರು? ಮಲ್ಪೆ ಬಂದರಿಗೋ ಗೇರುಬೀಜದ ಫ್ಯಾಕ್ಟರಿಗೋ ಕೆಲಸಕ್ಕೆ ಹೋದವರು. ಅವರನ್ನು ಬಿಟ್ಟರೆ ನಿಮ್ಮ ಸರ್ವೆಯಲ್ಲಿ ಉಳಿಯುವುದು ಹಗಲು ಮನೆಯಲ್ಲಿರುವವರು ಮಾತ್ರ. ಸಂಜೆಯೋ ಭಾನುವಾರವೋ ಮೂರು ಸಲವಾದರೂ ಹೋಗಬೇಕು. ಸಂಜೆ ಹೋದವನಿಗೆ ವಾಪಸು ಬರಲು ಬಸ್ಸಿಲ್ಲ, ರಿಕ್ಷಾಕ್ಕೆ ಬಜೆಟ್ ಇಲ್ಲ. ವಿಧಾನ ಹಾಳಾಗುವುದು ಅಲ್ಲಿ.

ಪ್ರಶ್ನಾವಳಿಯ ಕಥೆ ಇನ್ನೂ ಚಂದ. ತಡ್ಪೆ (ಮೊರ) ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿರುವ ಹೆಂಗಸಿನ ಹತ್ತಿರ ‘ನೀವು ಕೆಲಸ ಮಾಡುತ್ತೀರಾ?’ ಎಂದು ಕೇಳಿದರೆ ‘ಇಲ್ಲ, ಮನೆಯಲ್ಲೇ ಇರುವುದು’ ಎನ್ನುತ್ತಾರೆ. ಕೈ ನಿಲ್ಲುವುದಿಲ್ಲ. ಫಾರ್ಮಿನಲ್ಲಿ ಮಾತ್ರ ‘ಗೃಹಿಣಿ’. ‘ಮಾಸಿಕ ಆದಾಯ ಎಷ್ಟು?’ ಎಂಬುದಕ್ಕೂ ಬಾಯಿಗೆ ಬಂದ ಅಂದಾಜೇ ಉತ್ತರ. ಕಳೆದ ವಾರ ಎಷ್ಟು ಬೀಡಿ ಕೊಟ್ಟಿರಿ, ಸರಿಯಿಲ್ಲವೆಂದು ಎಷ್ಟು ತೆಗೆದುಹಾಕಿದರು, ಎಲೆ ಸಿಗದ ದಿನ ಎಷ್ಟು ಎಂದು ಕೇಳಿದರೆ ಲೆಕ್ಕ ತಾನಾಗಿ ಹೊರಬರುತ್ತದೆ. ಇದನ್ನು ದೆಹಲಿಯಿಂದ ಬಂದ ಪ್ರೊಫೆಸರಿಗಿಂತ ಬೀಡಿ ಕಟ್ಟುವ ಅಮ್ಮನ ಮಗಳು ಚೆನ್ನಾಗಿ ಬಲ್ಲಳು. ಅವಳನ್ನು ಪ್ರಶ್ನಾವಳಿ ಬರೆಯುವಾಗ ಕರೆಯುವುದಿಲ್ಲ, ಹಂಚುವಾಗ ಕರೆಯುತ್ತಾರೆ.

ಡೇಟಾ ಎಂಟ್ರಿಯೂ ಅವಳ ಕೈಯಲ್ಲೇ, ವಿಶ್ಲೇಷಣೆ ಮಾತ್ರ ಸರ್ ಮಾಡುವುದು. ‘ಎಲೆ ಸಿಗದ ದಿನ’ಕ್ಕೆ 27 ಮಂದಿ 4 ಎಂದರು, ಮೂವರು ಗೊತ್ತಿಲ್ಲ ಎಂದರು ಅಂತಿಟ್ಟುಕೊಳ್ಳಿ. ‘ಗೊತ್ತಿಲ್ಲ’ಕ್ಕೆ ಗುರುತಾಗಿ ಹಾಕಿದ 99ನ್ನು ತೆಗೆಯದೆ ಸರಾಸರಿ ಹಾಕಿದರೆ 4ರ ಬದಲು 13.5 ಬರುತ್ತದೆ. ಈ ಒಂದು ತಪ್ಪು ಹಿಡಿಯಲು ಕಲಿತ ಹುಡುಗಿಗೆ ಅಂಕಿಅಂಶ ವಿಶ್ಲೇಷಿಸುವ ಆರ್ ತಂತ್ರಾಂಶ ಕಷ್ಟವಲ್ಲ. ಅದು ಉಚಿತ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆ ಪಿಎಲ್‌ಎಫ್‌ಎಸ್‌ನ ಕಚ್ಚಾ ಡೇಟಾ ಕೂಡ ಉಚಿತ. ವಾರಕ್ಕೊಂದು ಶನಿವಾರದಂತೆ ಆರು ತಿಂಗಳು, ಸ್ಟೈಪೆಂಡ್ ಕೊಟ್ಟು ಕೂರಿಸಿ. ಶನಿವಾರದ ಪಾರ್ಟ್‌ಟೈಮ್ ಕೆಲಸ ಬಿಟ್ಟು ಬರುವವರಿಗೆ ಸರ್ಟಿಫಿಕೇಟು ತೋರಿಸಿದರೆ ಹೊಟ್ಟೆ ತುಂಬುತ್ತದಾ?

‘ಅವರಿಗೆ ಇಂಗ್ಲಿಷ್ ಬರುವುದಿಲ್ಲವಲ್ಲ’ ಎನ್ನುತ್ತೀರಿ. ನಿಜ, ಓದಬೇಕಾದದ್ದು ಬಹುಪಾಲು ಇಂಗ್ಲಿಷಿನಲ್ಲೇ ಉಂಟು. ಅದಕ್ಕೆ ವಾರಕ್ಕೊಂದು ಲೇಖನ ಸಾಕು: ಮೊದಲು ಸಾರಾಂಶ, ಆಮೇಲೆ ಕೋಷ್ಟಕಗಳು, ಆಮೇಲೆ ವಿಧಾನ, ಉಳಿದದ್ದು ಕೊನೆಗೆ. ಚರ್ಚೆ ಕನ್ನಡದಲ್ಲಿ. ಅದನ್ನು ಮಾಡಲು ಸೋಮಾರಿತನ, ದೂರು ಮಕ್ಕಳ ಮೇಲೆ.

ನಿಜವಾದ ಗೋಡೆ ಬೇರೆ ಕಡೆ ಉಂಟು. ನೆಟ್ ಎಂದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಸಂಶೋಧನಾ ಫೆಲೋಶಿಪ್ಪಿಗೂ ಬರೆಯುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. ಅದರಲ್ಲಿ 3 ಗಂಟೆಗೆ 150 ಪ್ರಶ್ನೆ, ಸಮಾಜ ವಿಜ್ಞಾನದ ವಿಷಯಗಳಿಗೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಕನ್ನಡದಲ್ಲೂ ಬರೆಯಬಹುದು, ಆದರೆ ಅದರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಸಿಗುತ್ತದೆಯೇ ಹೊರತು ಫೆಲೋಶಿಪ್ ಸಿಗುವುದಿಲ್ಲ. 2023ರಿಂದ ತಿಂಗಳಿಗೆ 37,000 ರೂಪಾಯಿ ಆಗಿರುವ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಬೇಕಾದರೆ ನೆಟ್ ಬರೆಯಲೇಬೇಕು. ಇನ್ನೊಂದು, ರಾಜ್ಯದ ಹಿಂದುಳಿದ ವರ್ಗದ 2ಎ ಸರ್ಟಿಫಿಕೇಟ್ ನೆಟ್‌ಗೆ ನಡೆಯುವುದಿಲ್ಲ. ಜಾತಿ ಕೇಂದ್ರದ ಪಟ್ಟಿಯಲ್ಲಿ ಉಂಟೋ ನೋಡಿಕೊಂಡು, ಕೇಂದ್ರದ ನಮೂನೆಯ ಒಬಿಸಿ ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟ್ ಬೇರೆಯೇ ಮಾಡಿಸಬೇಕು. ಯಾವ ಕಾರ್ಯಾಗಾರದಲ್ಲಾದರೂ ಇದನ್ನು ಹೇಳಿದ್ದು ಕೇಳಿದ್ದೀರಾ? ಕೊನೆಯ ದಿನ ಮಕ್ಕಳು ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಂತಿರುತ್ತಾರೆ.

ಕೇಂದ್ರದ ಪಟ್ಟಿಯಲ್ಲಿ ಕರ್ನಾಟಕದ ವಿಶೇಷವಾಗಿ ದುರ್ಬಲ ಬುಡಕಟ್ಟುಗಳು ಎರಡು, ಜೇನುಕುರುಬರು ಮತ್ತು ಕೊರಗರು. ಕೊರಗರ ಮೇಲೆ ಪ್ರಬಂಧ ಬರೆಯಲು ಎಲ್ಲೆಲ್ಲಿಂದಲೋ ಬರುತ್ತಾರೆ. ಕಾಲನಿಗೆ ಕರೆದುಕೊಂಡು ಹೋಗಿ, ಮಾತಾಡಿಸಿ, ಬರೆದುಕೊಂಡು ಬಂದ ಹುಡುಗಿಗೆ ಕೃತಜ್ಞತೆಯ ಪುಟದಲ್ಲಿ ‘ಸ್ಥಳೀಯ ಯುವತಿ’ ಎಂಬ ಎರಡು ಪದ. ಪ್ರಶ್ನೆ ತಿದ್ದಿದವಳು, ಡೇಟಾ ತಂದವಳು, ಕೋಷ್ಟಕ ಮಾಡಿದವಳು ಸಹಲೇಖಕಿ ಸ್ವಾಮಿ. ಹೆಸರನ್ನು ಮೊದಲ ಪುಟದಲ್ಲಿ ಹಾಕಿ.